ಬಣ್ಣ ಕಚ್ಚದ ಗವಸುಗಳು

ಶನಿವಾರಸಂತೆ ಎಂಬ ಊರಿನಲ್ಲಿ ಬರೀ ಗುರುಸಿದ್ದಮ್ಮ ಎಂದು ವಿಚಾರಿಸಿದರೆ ಯಾವ ಗುರುಸಿದ್ದಮ್ಮ ಎಂದು ಜನ ತಿರುಗಿ ಕೇಳುತ್ತಿದ್ದರು. ಟೊಪ್ಪಿ ಗುರುಸಿದ್ದಮ್ಮ ಎಂದರೆ ಮಾತ್ರ ಮುಸಿಮುಸಿ ನಕ್ಕು, ನೂಲಿನಂಗಡಿ ಕಲ್ಲೇಶಪ್ಪನ ಮನೆಯ ದಾರಿ ತೋರಿಸುತ್ತಿದ್ದರು. ಬರ್ಮಾದಲ್ಲಿ ಜಪಾನಿನವರ ಮೇಲಿನ ಯುದ್ಧ ಮುಗಿದ ಮರುವರ್ಷದ ಮಾತಿದು. ಸಂತೆಗೆ ಬಂದ ಹೆಂಗಸರೆಲ್ಲ ಮೆಣಸಿನಕಾಯಿ, ಬಳೆ, ಬೆಲ್ಲ ನೋಡುತ್ತಿದ್ದರೆ ಈಕೆ ಗಂಡಸರ ತಲೆ ನೋಡುತ್ತಾ ಓಡಾಡುತ್ತಿದ್ದಳು. ಸಿಪಾಯಿಗಳು ಉಕ್ಕಿನ ಟೊಪ್ಪಿಯ ಮೇಲೆ ತೊಡಿಸುತ್ತಿದ್ದ ಬಟ್ಟೆಯ ಗವಸನ್ನು ಯಾರಾದರೂ ಮಳೆಗೆಂದು ತಲೆಗೆ ಹಾಕಿಕೊಂಡಿದ್ದರೆ, ಇಲ್ಲವೇ ಅದರೊಳಗೆ ಮೊಟ್ಟೆಯೋ ಈರುಳ್ಳಿಯೋ ತುಂಬಿಕೊಂಡಿದ್ದರೆ, ನೇರ ಹೋಗಿ ಎದುರು ನಿಲ್ಲುವಳು.

"ಇದನ್ನ ನನಗೆ ಕೊಡಪ್ಪ. ಬದಲಿಗೆ ಒಳ್ಳೇ ಬಟ್ಟೆದು ಹೊಲ್ದು ಕೊಡ್ತೀನಿ."

ಹಳೇ ಚಿಂದಿಗೆ ಹೊಸ ಟೊಪ್ಪಿ ಸಿಗುವಾಗ ಯಾರು ಬೇಡವೆನ್ನುತ್ತಾರೆ? ಕೊಟ್ಟು, ಆಕೆ ಮರೆಯಾದ ಮೇಲೆ ನಗುತ್ತಿದ್ದರು. ಗುರುಸಿದ್ದಮ್ಮ ಮಾತ್ರ ನಗುತ್ತಿರಲಿಲ್ಲ. ಗವಸನ್ನು ಸೆರಗಿನಡಿ ಹಿಡಿದು ಮನೆಗೆ ಬಂದು, ಬಾಗಿಲ ಬೆಳಕಿಗೆ ಒಳಗನ್ನು ಹೊರಗು ಮಾಡಿ ನೋಡುವಳು. ಮೊದಲು ಬಣ್ಣ, ಆಮೇಲೆ ತೂತು. ನೋಡಿದ ಮೇಲೆ ಅಟ್ಟ ಹತ್ತಿ ಒಂದು ಗೋಣಿಚೀಲದಲ್ಲಿ ಇಡುವಳು. ಏಕೆಂದು ಗಂಡ ಕಲ್ಲೇಶಪ್ಪ ಕೇಳಿದರೆ ಮಾತು ಬೇರೆಡೆ ತಿರುಗಿಸುವಳು.

ಯುದ್ಧದ ಕಾಲದಲ್ಲಿ ಆ ಊರಿನಲ್ಲಿ ಅವಳಷ್ಟು ಹೆಮ್ಮೆಯಿಂದ ಓಡಾಡಿದ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಿಲಿಟರಿಗೆ ಬಟ್ಟೆ ಒದಗಿಸುವ ಕಂಟ್ರಾಕ್ಟು ಹಿಡಿದಿದ್ದ ಚನ್ನಮಲ್ಲಪ್ಪ ಎಂಬ ಸಾಹುಕಾರರು ಹೊಲಿಗೆಯ ಕೆಲಸವನ್ನು ಊರೂರಿಗೆ ಹಂಚಿದಾಗ, ಅವಳ ಕಾಲುಮಿಷನ್ನಿಗೂ ಒಂದು ಪಾಲು ಬಂತು. ಟೊಪ್ಪಿಯ ಗವಸುಗಳು. ದುಂಡಗೆ ಕತ್ತರಿಸಿದ ಒರಟು ಬಟ್ಟೆ, ಅಂಚಿನಲ್ಲಿ ಲಾಡಿ ಎಳೆಯಲು ಮಡಿಕೆ, ಲಾಡಿ ಹೊರಬರಲು ಒಂದು ತೂತು, ತೂತಿಗೆ ಕಾಜ. ಮಣ್ಣಿನ ಬಣ್ಣದ ಬಟ್ಟೆ ಅದು. ಮುಕ್ಕಾಲು ಕೆಲಸ ಮುಗಿದಿತ್ತು. ಅಷ್ಟರಲ್ಲಿ, ಬರ್ಮಾದ ಕಾಡಿನಲ್ಲಿ ಮಣ್ಣುಬಣ್ಣ ಎದ್ದು ಕಾಣುತ್ತದೆ, ಎಲ್ಲವೂ ಹಸಿರಾಗಬೇಕು ಎಂದು ಮೇಲಿನಿಂದ ಹುಕುಂ ಬಂತು. ಗುರುಸಿದ್ದಮ್ಮನ ತವರಿನಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದರೆಂದು ಯಾರೋ ಹೇಳಿದ್ದರಿಂದ, ಚನ್ನಮಲ್ಲಪ್ಪ ಹಸಿರು ಪುಡಿಯ ಡಬ್ಬಗಳನ್ನು ಗಾಡಿಯಲ್ಲಿ ಹೇರಿಕೊಂಡು ಅವಳ ಅಂಗಳಕ್ಕೇ ಬಂದರು.

ಅವಳು ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ, ಒಂದು ತುಂಡು ಬಟ್ಟೆ ಅದ್ದಿ, ಹಿಂಡಿ ನೋಡಿದಳು.

"ಸಾವ್ಕಾರ್ರೇ, ಇದು ಬರೀ ಬಟ್ಟೆಗೆ ಕಚ್ಚೋ ಬಣ್ಣ ಅಲ್ಲ. ಬಟ್ಟೆನ ಮೊದ್ಲು ಅಳಲೆಕಾಯಿ ನೀರಲ್ಲಿ ನೆನೆ ಹಾಕ್ಬೇಕು, ಪಟಿಕ ಕೊಡ್ಬೇಕು, ನೆರಳಲ್ಲಿ ಒಣಗಿಸ್ಬೇಕು. ಆಮೇಲೆ ಹಂಡೆಗೆ ಇಳಿಸ್ಬೇಕು. ಸುಮ್ನೆ ಅದ್ದಿ ಎತ್ತಿದ್ರೆ ಮಳೆಗೆ ಬಿಟ್ಬಿಡುತ್ತೆ."

"ಅಷ್ಟೆಲ್ಲ ಪುರುಸೊತ್ತು ಯಾರಿಗಿದೆ ಅವ್ವ? ಲಾರಿ ನಾಳೆ ನಾಡಿದ್ದರಲ್ಲಿ ಬಂದು ನಿಲ್ಲುತ್ತೆ. ತಲೆ ಮೇಲಿನ ಬಟ್ಟೆ. ಯಾರು ಕೂತ್ಕೊಂಡು ತೊಳೆದು ನೋಡ್ತಾರೆ?"

ಅವಳು ಇನ್ನೊಂದು ಸಲ ಹೇಳಲಿಲ್ಲ. ಇದೇ ಮುಂದೆ ಅವಳನ್ನು ಕೊರೆದದ್ದು. ಹೇಳಬಹುದಿತ್ತು, ಆಗುವುದಿಲ್ಲ ಅನ್ನಬಹುದಿತ್ತು. ಆದರೆ ಅಷ್ಟು ದೊಡ್ಡ ಕೆಲಸವನ್ನು ನಂಬಿ ಒಬ್ಬ ಹೆಂಗಸಿನ ಅಂಗಳಕ್ಕೆ ತಂದು ಸುರಿದದ್ದು ಆ ಊರಲ್ಲಿ ಅದೇ ಮೊದಲು. ನೆರೆಮನೆಯವರು ಬೇಲಿಗೆ ಬಂದು ನಿಂತು ನೋಡುತ್ತಿದ್ದರು. ಹಂಡೆಗಳು ಒಲೆಯೇರಿದವು, ಮಣ್ಣುಬಣ್ಣವನ್ನು ಚಲುವೆಪುಡಿಯಲ್ಲಿ ಬಿಡಿಸಿ, ಹಸಿರಿಗಿಳಿಸಿ ಕೋಲಿನಲ್ಲಿ ತಿರುವಿದಳು, ಹಗ್ಗದ ತುಂಬ ಹಸಿರು ಗವಸುಗಳು ತೂಗಾಡಿದವು. ಕೊನೆಯ ಗಂಟಿನ ಹೊತ್ತಿಗೆ ಬೂದುನೂಲು ತೀರಿಹೋಗಿದ್ದರಿಂದ ಲಾಡಿತೂತಿನ ಕಾಜಕ್ಕೆ ಅಂಗಡಿಯಲ್ಲಿದ್ದ ನೇರಳೆ ನೂಲನ್ನೇ ಹಾಕಿ ಮುಗಿಸಿದಳು. ಪರೀಕ್ಷೆ ಮಾಡುವವರು ಮೇಲಿನಿಂದ ನಾಲ್ಕು ಎತ್ತಿ ನೋಡಿ ಮುದ್ರೆ ಒತ್ತಿದರು. ಲಾರಿ ಹೋಯಿತು. ಅವಳು ಮರೆತಳು.

ಯುದ್ಧ ಮುಗಿದ ಮೇಲೆ ಮಿಲಿಟರಿಯ ಹಳೇ ಸಾಮಾನೆಲ್ಲ ಹರಾಜಾಗಿ ಸಂತೆಗಳಿಗೆ ಬರತೊಡಗಿತು. ನೀರಿನ ಸೀಸೆ, ಪಟ್ಟಿ, ಕಂಬಳಿ. ಅದರ ಜೊತೆ ಚಿಂದಿಯ ಮೂಟೆಗಳು. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನು ಒರೆಸಲು ಆಗುತ್ತದೆಂದು ಎಸ್ಟೇಟಿನವರು ಕೊಳ್ಳುತ್ತಿದ್ದರು. ಒಂದು ಶನಿವಾರ ಮೈಸೂರು ಕಡೆಯ ವ್ಯಾಪಾರಿ ಅಂಥ ಮೂಟೆ ಬಿಚ್ಚಿದಾಗ ಗುರುಸಿದ್ದಮ್ಮ ಪಕ್ಕದಲ್ಲೇ ಎಲೆ ಅಡಿಕೆ ಕೊಳ್ಳುತ್ತಿದ್ದಳು. ರಾಶಿಯಲ್ಲಿ ಗವಸುಗಳೂ ಇದ್ದವು. ಹಲವು ಇನ್ನೂ ಹಸಿರಾಗಿದ್ದವು, ಅವು ಬೇರೆಯವರ ಕೈಯವು. ಅವುಗಳ ನಡುವೆ ಅಕ್ಕಿ ತೊಳೆದ ನೀರಿನ ಬಣ್ಣದ ಒಂದಿತ್ತು. ಅವಳ ಕೈ ತಾನಾಗಿ ಅದರ ಲಾಡಿತೂತನ್ನು ಹುಡುಕಿತು. ನೇರಳೆ ಕಾಜ.

ಎತ್ತಿ ಹಿಡಿದಳು. ಹಣೆಯ ಮೇಲೆ ಬರುವ ಜಾಗದಲ್ಲಿ ಬೆರಳು ತೂರುವಷ್ಟು ತೂತು. ಸುತ್ತಲಿನ ಬಟ್ಟೆ ಕರ್ರಗೆ ಗಟ್ಟಿಯಾಗಿ, ಒಣಗಿದ ಗಂಜಿ ಹತ್ತಿದಂತೆ ಸೆಟೆದುಕೊಂಡಿತ್ತು. ಗುರುಸಿದ್ದಮ್ಮ ಕೊಂಡ ಎಲೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಆವತ್ತಿನಿಂದ ಶುರುವಾಯಿತು ಕೂಡಿಹಾಕುವುದು. ಶನಿವಾರ ಊರ ಸಂತೆ, ಸೋಮವಾರ ಸೋಮವಾರಪೇಟೆ, ನಡುವೆ ಕೊಡ್ಲಿಪೇಟೆ. ಯುದ್ಧಕ್ಕೆ ಹೋಗಿ ಬಂದ ಗವಸೇ ಆಗಬೇಕು, ಗೋದಾಮಿನಲ್ಲೇ ಉಳಿದ ಹೊಸದು ಬೇಡ. ಬೇರೆಯವರು ಹೊಲಿದದ್ದೂ ಬೇಕು, ತನ್ನದೂ ಬೇಕು. ಅಟ್ಟದ ಮೇಲೆ ಎರಡನ್ನೂ ಬೇರೆ ಬೇರೆ ಹರಡಿ ನೋಡುವಳು. ತನ್ನವು ಎಲ್ಲಾ ಬಿಳಿಚಿಕೊಂಡಿದ್ದವು, ಅದರಲ್ಲಿ ಅನುಮಾನವಿರಲಿಲ್ಲ. ತೂತು ತನ್ನವಕ್ಕೇ ಜಾಸ್ತಿಯೋ? ಒಂದು ಸಲ ಹೌದು ಅನ್ನಿಸುವುದು, ಇನ್ನೊಂದು ಸಲ ಅಲ್ಲ. ಕೆಲವು ತೂತು ಇಲಿ ಕಡಿದದ್ದು, ಕೆಲವು ಮುಳ್ಳು ಹರಿದದ್ದು. ಬಟ್ಟೆ ಬಾಯಿಬಿಟ್ಟು ಹೇಳುತ್ತದೆಯೇ? ಊಟ ಕಡಿಮೆಯಾಯಿತು. ಲಿಂಗಪೂಜೆಗೆ ಕುಳಿತರೆ ಕಣ್ಣು ಮುಚ್ಚಿದೊಡನೆ ಹಗ್ಗದ ಮೇಲೆ ತೂಗುವ ಗವಸುಗಳು ಕಾಣುತ್ತವೆ ಎಂದು ಒಂದು ದಿನ ಅತ್ತುಬಿಟ್ಟಳು. ಆಗಲೇ ಕಲ್ಲೇಶಪ್ಪನಿಗೆ ವಿಷಯ ತಿಳಿದದ್ದು.

"ಗುಂಡು ಹೊಡೆದೋನು ಜಪಾನಿನೋನು ಕಣೇ. ನೀನಲ್ಲ."

"ಸಿಪಾಯಿ ಅವನ ಕಣ್ಣಿಗೆ ಬಿದ್ದದ್ದು ಯಾವುದರಿಂದ?"

ಕಲ್ಲೇಶಪ್ಪ ಒಳ್ಳೆಯ ಮನುಷ್ಯ, ಆದರೆ ಕಷ್ಟಕ್ಕೆ ಎದುರು ನಿಲ್ಲುವ ಜಾತಿಯವನಲ್ಲ. ಕಣ್ಣಿಂದ ಮರೆಯಾದರೆ ಮನಸ್ಸಿನಿಂದಲೂ ಹೋಗುತ್ತದೆಂದು ನಂಬಿದವನು. ಪಾಲಿಬೆಟ್ಟದ ಒಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರು ಸಂತೆಗೆ ಬಂದು, ತಮ್ಮ ಇಂಗ್ಲಿಷ್ ದೊರೆ ಯುದ್ಧದ ಟೊಪ್ಪಿಗಳನ್ನೂ ಗವಸುಗಳನ್ನೂ ಕೂಡಿಸಿ ಗೋಡೆಗೆ ಹಾಕುತ್ತಾರೆ, ಎಲ್ಲಾದರೂ ಇವೆಯೇ ಎಂದು ವಿಚಾರಿಸಿದಾಗ ಅವನಿಗೆ ದೇವರೇ ದಾರಿ ತೋರಿಸಿದಂತಾಯಿತು. ಹೆಂಡತಿ ಕೊಡ್ಲಿಪೇಟೆಗೆ ಒಂದು ನಾಮಕರಣಕ್ಕೆ ಹೋದ ದಿನ ಅಟ್ಟದ ಚೀಲವನ್ನು ಇಳಿಸಿ ಕೊಟ್ಟುಬಿಟ್ಟ.

ತಿರುಗಿ ಬಂದ ಗುರುಸಿದ್ದಮ್ಮ ಅಟ್ಟ ಹತ್ತಿ ಇಳಿದಳು. ಕೂಗಲಿಲ್ಲ, ಬೈಯಲಿಲ್ಲ.

"ಎಲ್ಲಿ?"

ಅವನು ಹೇಳಿದ.

"ನಾನು ಹೋಗ್ತೀನಿ ಪಾಲಿಬೆಟ್ಟಕ್ಕೆ."

"ಹುಚ್ಚು ಹಿಡೀತೇನೆ ನಿನಗೆ? ಕೊಟ್ಟದ್ದನ್ನ ವಾಪಸ್ ಕೇಳೋಕಾಗುತ್ತಾ ದೊರೆಗಳ ಹತ್ರ?"

ಆದರೆ ಬೆಳಿಗ್ಗೆ ಅವಳು ಹೊರಟು ನಿಂತಾಗ ಅವನೂ ರುಮಾಲು ಸುತ್ತಿಕೊಂಡು ಹಿಂದೆ ಬಂದ.

ತೋಟದ ಬಂಗಲೆ ತಲುಪಿದಾಗ ದೊರೆ ಕಾಫಿ ಕೊಯ್ಲು ನೋಡಲು ಹೋಗಿದ್ದರು. ಗೇಟಿನಲ್ಲಿದ್ದ ಕಾವಲುಗಾರ ಒಂದು ಕಾಲು ಎಳೆದು ನಡೆಯುತ್ತಿದ್ದ. ಹೆಸರು ಚಿನ್ನ. ಅದೇ ತೋಟದ ಆಳುಗಳ ಲೈನುಮನೆಯಲ್ಲಿ ಹುಟ್ಟಿ, ಪಲ್ಟನ್ ಸೇರಿ, ಬರ್ಮಾದಲ್ಲಿ ರಸ್ತೆ ಕಡಿಯುವ ಕೆಲಸಕ್ಕೆ ಹೋಗಿ ಬಂದವನು. ದೂರದಿಂದ ಬಂದವರೆಂದು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟ. ಜಗಲಿಯ ಗೋಡೆಯಲ್ಲೇ ಗಾಜಿನ ಬೀರು. ಒಳಗೆ ಮರದ ದುಂಡನೆ ಅಚ್ಚುಗಳ ಮೇಲೆ ಗವಸುಗಳನ್ನು ಎಳೆದು ತೊಡಿಸಿ ಸಾಲಾಗಿ ಇಟ್ಟಿದ್ದರು, ಕುತ್ತಿಗೆಯಿಲ್ಲದ ತಲೆಗಳ ಹಾಗೆ. ಬಿಳಿಚಿಕೊಂಡವು ಮುಂದಿನ ಸಾಲಿನಲ್ಲಿ.

"ಬಣ್ಣ ಹೋದದ್ದನ್ನ ಯಾಕೆ ಮುಂದೆ ಇಟ್ಟಿದ್ದಾರೆ?" ಗುರುಸಿದ್ದಮ್ಮ ಗಾಜಿನ ಹತ್ತಿರ ಹೋಗಿ ಕೇಳಿದಳು.

"ದೊರೆಗೆ ಅದೇ ಭಾರೀ ಇಷ್ಟ ಅವ್ವ. ಬಣ್ಣ ಹೋಗಿದ್ರೆ ಅದು ಯುದ್ಧ ನೋಡಿದ್ದು, ಒರಿಜಿನಲ್ ಅಂತಾರೆ." ಚಿನ್ನ ಬೀರುವಿನ ಕಡೆ ಗದ್ದ ತೋರಿಸಿದ. "ನಮ್ಮ ಕಂಪನಿಗೆ ಕೊಟ್ಟಿದ್ದೂ ಅಂಥದ್ದೇ, ಇದೇ ನೇರಳೆ ಕಾಜದ್ದು. ಮೊದಲನೇ ಮಳೆಗೇ ಹಸಿರೆಲ್ಲ ಇಳಿದು ಮುಖ ಕುತ್ತಿಗೆ ಎಲ್ಲ ಹಸಿರು. ಒಬ್ಬರನ್ನೊಬ್ಬರು ಗಿಳಿ, ಗಿಳಿ ಅಂತ ಕೂಗಿ ನಗ್ತಿದ್ದೆವು."

"ಆಮೇಲೆ?"

"ಆಮೇಲೆ ಬಟ್ಟೆ ಬಿಳೀ ಆಯ್ತು. ಹವಾಲ್ದಾರ ಕೆಸರು ಬಳ್ಕೊಳ್ಳಿ ಅಂದ. ಬಳ್ಕೊಂಡೆವು."

"ಬಿಳೀ ಆದ ಕೂಡ್ಲೇ ಹೇಳಿದ್ನಾ?"

ಚಿನ್ನ ಅವಳ ಮುಖ ನೋಡಿದ. ಒಬ್ಬ ಹೆಂಗಸು ಇದನ್ನೇಕೆ ಇಷ್ಟು ಕೆದಕುತ್ತಾಳೆಂದು ಅವನಿಗೆ ಅರ್ಥವಾಗಿರಲಿಲ್ಲ. ಆದರೂ ಹೇಳಿದ. ಬೆಳಕು ಹರಿಯುವ ಮುಂಚೆ ಒಂದು ಹಳ್ಳಕ್ಕೆ ಮರದ ಸಂಕ ಹಾಕಲು ಸಾಲಾಗಿ ಹೋಗುತ್ತಿದ್ದರು. ಮಂಜು. ಮುಂದಿನವನ ಮೈ ಕಾಣುತ್ತಿರಲಿಲ್ಲ, ತಲೆ ಮಾತ್ರ ಕಾಣುತ್ತಿತ್ತು, ಅದನ್ನು ನೋಡಿಕೊಂಡೇ ಹಿಂದಿನವರು ಹೆಜ್ಜೆ ಇಡುತ್ತಿದ್ದರು. ಎಲ್ಲರಿಗಿಂತ ಮುಂದೆ ಭಾಗಮಂಡಲದ ಕಡೆಯ ಗೌಡರ ಹುಡುಗ ಕೂಸಪ್ಪ ಇದ್ದ. ಆಚೆ ದಡದಿಂದ ಗುಂಡು ಬಂತು. ಕೂಸಪ್ಪ ಅಲ್ಲೇ ಹೋದ. ಚಿನ್ನನ ತೊಡೆಗೆ ಬಿತ್ತು. ಕೆಸರಿನ ಹುಕುಂ ಬಂದದ್ದು ಅದಾದ ಮೇಲೆ.

"ಬಿಳೀ ಕಂಡೇ ಹೊಡೆದ್ರಾ?"

"ಅದನ್ನ ಹೊಡೆದೋನ್ನ ಕೇಳ್ಬೇಕು ಅವ್ವ. ಸದ್ದಿಗೆ ಹೊಡೆದ್ನೋ, ತಲೆ ನೋಡಿ ಹೊಡೆದ್ನೋ. ನನ್ನ ತಲೆ ಮೇಲೂ ಅಂಥದ್ದೇ ಇತ್ತು. ನಾನು ಇದ್ದೀನಲ್ಲ."

"ಅದಕ್ಕೆ ಬಣ್ಣ ಹಾಕಿದ್ದು ನಾನು," ಎಂದಳು ಗುರುಸಿದ್ದಮ್ಮ. "ಬಿಡುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ."

ಕಲ್ಲೇಶಪ್ಪ ತಲೆ ತಗ್ಗಿಸಿದ. ಚಿನ್ನ ಅಂಗೈಯಿಂದ ಒಮ್ಮೆ ಮುಖ ಒರೆಸಿಕೊಂಡ, ಅಲ್ಲಿ ಇನ್ನೂ ಏನೋ ಅಂಟಿದೆ ಎಂಬಂತೆ. ಎದ್ದು ಗೇಟಿನವರೆಗೆ ಹೋಗಿ, ಸ್ವಲ್ಪ ಹೊತ್ತು ಆ ಕಡೆ ಮುಖ ಮಾಡಿ ನಿಂತು, ತಿರುಗಿ ಬಂದ.

"ಕೂಸಪ್ಪನ ತಾಯಿ ಇದ್ದಾರೆ. ಸುಮಿತ್ರಮ್ಮ ಅಂತ. ನಾನು ಹೋಗ್ಬೇಕಿತ್ತು. ಈ ಕಾಲು ನೆಪ ಮಾಡ್ಕೊಂಡು ಕೂತೆ."

ಅಷ್ಟರಲ್ಲಿ ದೊರೆ ಬಂದರು. ಗವಸು ಹೊಲಿದವಳು ಇವಳೇ ಎಂದು ಚಿನ್ನ ತಿಳಿಸಿದಾಗ ಮುಖವರಳಿಸಿ, ತೋಟದ ಕನ್ನಡದಲ್ಲಿ "ಭಾಳ ಚೆನ್ನಾಗಿದೆ, ಭಾಳ ಚೆನ್ನಾಗಿದೆ" ಎಂದರು. ಅವಳ ಕೈಯಿಂದಲೇ ಕಾಜ ತೋರಿಸಲು ಹೇಳಿ, ಬಗ್ಗಿ ನೋಡಿದರು. ಹೀಗೆ ಬಿಸಿಲು ಮಳೆ ತಿಂದ ಬಣ್ಣ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದರು. ಗುರುಸಿದ್ದಮ್ಮ ಕಾಜದ ಮೇಲಿಟ್ಟ ಬೆರಳು ತೆಗೆದಳು. ಚೀಲವನ್ನೇ ಕೇಳಿ ತರುತ್ತೇನೆಂದು ಬಂದವಳು "ಒಂದು ಸಾಕು" ಎಂದಳು. ದೊರೆ ಹುಡುಕಿ, ತೂತಿಲ್ಲದ, ತಮಗೆ ಬೇಡವಾದ ಒಂದನ್ನು ಕೊಟ್ಟರು.

ದಾರಿಯಲ್ಲಿ ಕಲ್ಲೇಶಪ್ಪ ಒಂದೇ ಮಾತು ಕೇಳಿದ. "ಆ ತಾಯಿ ಹತ್ರ ಹೋಗಿ ಏನಂತೀಯ?"

"ಗೊತ್ತಿಲ್ಲ."

ಮಡಿಕೇರಿಯಲ್ಲಿ ಛತ್ರದಲ್ಲಿ ತಂಗಿ, ಭಾಗಮಂಡಲದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಏಲಕ್ಕಿ ಕಾಡಿನ ಅಂಚಿನಲ್ಲಿ ಕೇಳಿಕೊಂಡು ಕೇಳಿಕೊಂಡು ನಡೆದರು. ಸುಮಿತ್ರಮ್ಮ ಅಂಗಳದಲ್ಲಿ ಮೊರ ಹಿಡಿದು ಭತ್ತ ತೂರುತ್ತಿದ್ದರು. ಅಪರಿಚಿತರನ್ನು ಕಂಡು ಮೊರ ಕೆಳಗಿಟ್ಟು, ಯಾರು ಎಂತ ಎಂದು ಕೇಳುವ ಮುಂಚೆಯೇ ಬೆಲ್ಲ, ನೀರು ತಂದಿಟ್ಟರು. ಗುರುಸಿದ್ದಮ್ಮ ಬೆಲ್ಲ ಮುಟ್ಟಲಿಲ್ಲ. ಮೊದಲು ಹೇಳಬೇಕು, ಹೇಳಿದ ಮೇಲೂ ಕೊಟ್ಟರೆ ತಿನ್ನಬೇಕು ಎಂದುಕೊಂಡಿದ್ದಳು.

ಹೇಳಿದಳು. ಹುಕುಂ ಬಂದದ್ದು, ಪುಡಿ, ಅಳಲೆಕಾಯಿ, ಲಾರಿ, ಚಿನ್ನ ಹೇಳಿದ ಮಂಜು. ಎಲ್ಲೂ ತಪ್ಪನ್ನು ಚನ್ನಮಲ್ಲಪ್ಪನ ಮೇಲೆ ಹಾಕಲಿಲ್ಲ. ಹೇಳುತ್ತಾ ಹೇಳುತ್ತಾ ಗವಸನ್ನು ತೆಗೆದು ಜಗಲಿಯ ಮೇಲಿಟ್ಟಳು.

ಸುಮಿತ್ರಮ್ಮ ಅದನ್ನು ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿದರು.

"ಇಷ್ಟೇನಾ? ಕಬ್ಬಿಣದ ಟೊಪ್ಪಿ ಕೊಟ್ಟಿದ್ದಾರೆ, ಏನೂ ಆಗೋದಿಲ್ಲ ಅಂತ ಹೇಳಿ ಹೋಗಿದ್ದ."

"ಇದು ಅದರ ಮೇಲಿನದ್ದು."

"ಮೊದಲು ಎಂತ ಬಣ್ಣ ಇತ್ತು?"

ಗುರುಸಿದ್ದಮ್ಮ ಸುತ್ತ ನೋಡಿ ಅಂಗಳದ ಮೂಲೆಯ ಹಲಸಿನ ಮರಕ್ಕೆ ಕೈ ತೋರಿಸಿದಳು. "ಆ ಎಲೆ ಥರ."

ಸುಮಿತ್ರಮ್ಮ ಮರವನ್ನು ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು. ಕೋಳಿಗಳು ಬಂದು ಮೊರದ ಭತ್ತ ಹೆಕ್ಕತೊಡಗಿದವು, ಅವರು ಓಡಿಸಲಿಲ್ಲ. ಕಲ್ಲೇಶಪ್ಪನೇ ಎದ್ದು ಓಡಿಸಿದ.

"ನೀವು ನಿಮ್ಮ ಹೊರೆ ಇಳಿಸೋಕೆ ಇಷ್ಟು ದೂರ ಬಂದಿರಿ," ಎಂದರು ಕೊನೆಗೆ. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಇಳಿಸಿದಿರಿ. ನಾನು ಎಲ್ಲಿ ಇಳಿಸಲಿ?"

ಗುರುಸಿದ್ದಮ್ಮ ಕಾಲು ಮುಟ್ಟಲು ಬಗ್ಗಿದಳು. ಸುಮಿತ್ರಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಬೇಡ. ಅವನು ಹೋದದ್ದು ಹೇಗೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸರ್ಕಾರದವರು ಹೋದ ಅಂತ ಅಷ್ಟೇ ತಿಳಿಸಿದ್ದು. ಮಂಜಲ್ಲಿ ಎಲ್ಲರಿಗಿಂತ ಮುಂದೆ ಇದ್ದ ಅಂತ ಇವತ್ತು ಗೊತ್ತಾಯ್ತು." ಗವಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಿಸಿಲು ಇಳಿಯೋ ಮುಂಚೆ ಹೊರಡಿ. ಕಾಡು ದಾರಿ."

ಬೆಲ್ಲ ಅಲ್ಲೇ ಇತ್ತು. ತಿನ್ನಿ ಎಂದೂ ಅನ್ನಲಿಲ್ಲ, ತೆಗೆದುಕೊಂಡೂ ಹೋಗಲಿಲ್ಲ. ಕಲ್ಲೇಶಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಹಾಗೇ ಬಿಟ್ಟು ಏಳುವುದು ಆ ಮನೆಗೆ ಅವಮಾನವೆಂದು ಅವನಿಗೆ ತೋರಿತು. ಗುರುಸಿದ್ದಮ್ಮ ನೀರನ್ನಷ್ಟೇ ಕುಡಿದಳು.

ಊರಿಗೆ ಬಂದ ಮೇಲೆ ಸಂತೆಯಲ್ಲಿ ಗವಸು ಹುಡುಕುವುದು ನಿಂತಿತು. ಹಗುರವಾಯಿತೇ ಎಂದು ಕೇಳಿದರೆ ಇಲ್ಲ. ಮೊದಲು ಇದ್ದದ್ದು ಅನುಮಾನ, ಈಗ ಒಂದು ಮುಖ. ಭತ್ತ ತೂರುವ ಮುಖ. ಆದರೆ ಮಿಷನ್ನಿನ ಮುಂದೆ ಕೂರುವಳು, ಊರವರ ರವಿಕೆ, ಅಂಗಿ ಹೊಲಿಯುವಳು, ಎರಡು ಹೊತ್ತು ಉಣ್ಣುವಳು.

ಆ ಬೇಸಿಗೆಯಲ್ಲಿ ಚನ್ನಮಲ್ಲಪ್ಪ ಮತ್ತೆ ಬಂದರು. ಈಗ ಯಾವುದೋ ತೋಟಗಳ ಆಳುಗಳಿಗೆ ಮಳೆಗೆ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ ಹೊಲಿಸಿ ಬಣ್ಣ ಹಾಕಿಸುವ ಕೆಲಸ. ಗುರುಸಿದ್ದಮ್ಮ ಮಿಷನ್ನು ನಿಲ್ಲಿಸಿದಳು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು.

"ಸಾವ್ಕಾರ್ರೇ, ನಾವು ಹಸಿರು ಹಾಕಿ ಕಳಿಸಿದ್ದು ಬರ್ಮಾದಲ್ಲಿ ಮೊದಲ್ನೇ ಮಳೆಗೇ ಹೋಯ್ತಂತೆ. ಭಾಗಮಂಡಲದ ಕಡೆ ಹುಡುಗ ಒಬ್ಬ ಸತ್ತ. ಅವನ ತಾಯಿ ಮನೆಗೆ ಹೋಗಿ ಬಂದೆ. ನೀವೂ ಒಂದು ಸಲ ಹೋಗಿ ಬನ್ನಿ. ಆಮೇಲೆ ನಿಮ್ಮ ಕೆಲಸ ಹಿಡೀತೀನಿ."

ಚನ್ನಮಲ್ಲಪ್ಪನ ಮುಖ ಕೆಂಪಾಯಿತು. "ಸರ್ಕಾರ ಮುದ್ರೆ ಒತ್ತಿ ತಗೊಂಡ ಮಾಲು ಅದು. ಯುದ್ಧ ಅಂದ್ಮೇಲೆ ಜನ ಸಾಯಲ್ವಾ? ಕಲ್ಲೇಶಪ್ಪ, ನಿನ್ನ ಹೆಂಡತಿಗೆ ಬುದ್ಧಿ ಹೇಳು."

ಎಲ್ಲರೂ ಕಲ್ಲೇಶಪ್ಪನ ಕಡೆ ನೋಡಿದರು. ಅವನು ನೂಲಿನ ಉಂಡೆಗಳನ್ನು ಜೋಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಅವಳು ಸರಿಯಾಗೇ ಹೇಳಿದ್ದಾಳೆ ಸಾವ್ಕಾರ್ರೇ. ಹೋಗಿ ಬನ್ನಿ. ದಾರಿ ನಾನು ತೋರಿಸ್ತೀನಿ."

ಅವರು ಹೋಗಲಿಲ್ಲ. ಕೊಪ್ಪೆಯ ಕೆಲಸ ಕೊಡ್ಲಿಪೇಟೆಯ ಬೇರೆಯವರ ಪಾಲಾಯಿತು. ಸಾಹುಕಾರರನ್ನು ಎದುರು ಹಾಕಿಕೊಂಡ ಅಂಗಡಿಯೆಂದು ಕೆಲವು ಗಿರಾಕಿಗಳೂ ತಪ್ಪಿದರು.

ಮಳೆಗಾಲ ಕಳೆದು ಏಲಕ್ಕಿ ವ್ಯಾಪಾರಿಯೊಬ್ಬ ಭಾಗಮಂಡಲದಿಂದ ಬರುತ್ತಾ ಅಂಗಡಿ ಹುಡುಕಿಕೊಂಡು ಬಂದ. ಸುಮಿತ್ರಮ್ಮ ಹೇಳಿಕಳಿಸಿದ್ದರು. ಮಾತನ್ನು ಹಾಗೇ ಒಪ್ಪಿಸಬೇಕೆಂದು ಅವನು ಒಂದು ಕ್ಷಣ ಯೋಚಿಸಿ ನಿಂತ.

"ನೀವು ಬಂದದ್ದು ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ಅವರಿಗೆ ಈಗಲೂ ಗೊತ್ತಾಗ್ತಿಲ್ವಂತೆ. ಆದರೆ ನಿಮ್ಮನ್ನ ಬಿಟ್ಟು ಬೇರೆ ಯಾರೂ ಬರಲಿಲ್ಲ ಅಂತ ಹೇಳು ಅಂದ್ರು."

ಗುರುಸಿದ್ದಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅವರು ಆರೋಗ್ಯವಾಗಿದ್ದಾರಾ?" ಎಂದು ಕೇಳಿದಳು. ಈ ಸಲ ಭತ್ತ ಚೆನ್ನಾಗಿ ಬಂದಿದೆ, ಸ್ವಲ್ಪ ಮಂಡಿನೋವು ಎಂದ ವ್ಯಾಪಾರಿ. ಅವನನ್ನು ಕೂರಿಸಿ, ಊಟ ಮಾಡಿಕೊಂಡು ಹೋಗಬೇಕೆಂದು ಹೇಳಿ, ಅವಳು ಒಲೆ ಹಚ್ಚಲು ಒಳಗೆ ಹೋದಳು.